ಗೇಟಿನಾಚೆ ರೈಡು, ಗೇಟಿನೀಚೆ ಹಾಸಿಗೆ: ಕ್ಯಾಂಪರ್ ವ್ಯಾನ್ ಪ್ರವಾಸದ ಪ್ರಶ್ನೋತ್ತರ

ಐದು ವರ್ಷದೊಳಗಿನ ಮಕ್ಕಳನ್ನು ಕ್ಯಾಂಪರ್ ವ್ಯಾನಿನಲ್ಲಿ, ಅಂದರೆ ಒಳಗೇ ಮಲಗಿ ಉಳಿಯಬಹುದಾದ ವ್ಯಾನಿನಲ್ಲಿ, ಥೀಮ್ ಪಾರ್ಕಿಗೆ ಕರೆದೊಯ್ಯುವ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆ ಮಾಡಿದ್ದೇವೆ.

ಪ್ರ: ಮಗಳಿಗೆ ಮೂರು ವರ್ಷ. ವ್ಯಾನ್ ಬಾಡಿಗೆಗೆ ತೆಗೆದುಕೊಂಡು ಎರಡು ದಿನ ಥೀಮ್ ಪಾರ್ಕ್ ನೋಡುವ ಯೋಚನೆ. ಬೆಳಗ್ಗೆಯಿಂದ ರಾತ್ರಿವರೆಗೆ ಒಳಗೇ ಇದ್ದರೆ ಮಾತ್ರ ಟಿಕೆಟ್ಟಿನ ದುಡ್ಡು ವಸೂಲಾಗುತ್ತದೆ ಅನ್ನುತ್ತಾರೆ ನಮ್ಮ ಯಜಮಾನರು. ಮಗು ತಡೆದುಕೊಳ್ಳುತ್ತದೆಯೇ?

ಉ: ಬಹುಪಾಲು ಮಕ್ಕಳು ತಡೆದುಕೊಳ್ಳುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ರಗಳೆ ಶುರುವಾಗುತ್ತದೆ, ಆಮೇಲೆ ಯಾವ ರೈಡೂ ಬೇಡವಾಗುತ್ತದೆ. ವ್ಯಾನಿನಲ್ಲಿ ಹೋಗುವವರಿಗೆ ಇರುವ ದೊಡ್ಡ ಅನುಕೂಲ ಇದೇ ಹೊತ್ತಿನದು. ಮಗುವಿನ ಹಾಸಿಗೆ ಗೇಟಿನ ಹೊರಗೇ ನಿಂತಿರುತ್ತದೆ. ಆದ್ದರಿಂದ ದಿನದ ಲೆಕ್ಕವನ್ನು ರೈಡುಗಳ ಪಟ್ಟಿಯಿಂದ ಹಾಕಬೇಡಿ, ಮಗುವಿನ ಮಧ್ಯಾಹ್ನದ ನಿದ್ದೆಯಿಂದ ಹಾಕಿ.

ಮಗು ಒಂದು ಗಂಟೆಗೆ ಮಲಗುವ ಅಭ್ಯಾಸದ್ದು ಅಂತಿಟ್ಟುಕೊಳ್ಳಿ. ಊಟಕ್ಕೆ ಅರ್ಧ ಗಂಟೆ, ಗೇಟಿನಿಂದ ವ್ಯಾನಿಗೆ ನಡೆಯಲು ಹದಿನೈದು ನಿಮಿಷ. ಅಂದರೆ ಹನ್ನೆರಡೂಕಾಲಿಗೆ ಗೇಟು ದಾಟಿ ಹೊರಬಿದ್ದಿರಬೇಕು. ಪಾರ್ಕು ತೆರೆಯುವುದು ಹತ್ತಕ್ಕಾದರೆ ಬೆಳಗಿನ ಪಾಳಿಯಲ್ಲಿ ನಿಮ್ಮ ಕೈಗೆ ಸಿಗುವುದು ಎರಡೂಕಾಲು ಗಂಟೆ. ಇದನ್ನು ಪುಟ್ಟ ಮಕ್ಕಳ ಸುತ್ತುವ ರೈಡುಗಳಿಗೇ ಕೊಡಿ. ಕಾರಣ ಇಷ್ಟೆ: ಅಂಥ ರೈಡು ಒಂದು ಸುತ್ತಿಗೆ ಕೆಲವೇ ಮಕ್ಕಳನ್ನು ಹೊರುತ್ತದೆ. ಒಬ್ಬೊಬ್ಬರನ್ನೇ ಎತ್ತಿ ಕೂರಿಸಿ, ಬೆಲ್ಟ್ ಹಾಕಿ, ಮತ್ತೆ ಬಿಚ್ಚಿ ಇಳಿಸುವುದಕ್ಕೆ ಸುತ್ತಿಗಿಂತ ಹೆಚ್ಚು ಹೊತ್ತು ಹೋಗುತ್ತದೆ. ಸಾಲು ಗಿಡ್ಡವಾಗಿ ಕಂಡರೂ ಜರುಗುವುದಿಲ್ಲ. ನಿಲ್ಲದೆ ಒಂದರ ಹಿಂದೊಂದು ಸಾಗುವ ದೋಣಿ, ಪುಟ್ಟ ರೈಲು ಇವುಗಳ ಸಾಲು ಉದ್ದವಾಗಿ ಕಂಡರೂ ಬೇಗ ಕರಗುತ್ತದೆ. ಅವು ಸಂಜೆಗಿರಲಿ. ಕೊನೆಯ ಎರಡು ಗಂಟೆ ಪುಟ್ಟ ಮಕ್ಕಳ ವಿಭಾಗ ಸಾಮಾನ್ಯವಾಗಿ ಖಾಲಿಯಾಗುತ್ತಾ ಬರುತ್ತದೆ. ಉಳಿದ ಮಕ್ಕಳೆಲ್ಲ ಸುಸ್ತಾಗಿ ಹೊರಟಿರುವಾಗ ನಿಮ್ಮ ಮಗಳು ನಿದ್ದೆ ಮುಗಿಸಿ ಬಂದಿರುತ್ತಾಳೆ. ಟಿಕೆಟ್ಟಿನ ದುಡ್ಡು ವಸೂಲಾಗುವುದು ಆಗ, ಯಜಮಾನರಿಗೆ ಹೇಳಿ.

ಇದು ನಡೆಯಬೇಕಾದರೆ ಮೂರು ವಿಷಯ ಮೊದಲೇ ಖಚಿತವಾಗಿರಬೇಕು. ಅದೇ ದಿನ ಹೊರಗೆ ಹೋಗಿ ಮತ್ತೆ ಒಳಬರಲು ಬಿಡುತ್ತಾರೆಯೇ, ಬಿಡುವುದಾದರೆ ಕೈಗೆ ಮುದ್ರೆಯೋ ಟಿಕೆಟ್ಟೋ ಕೇಳಿಕೊಳ್ಳಿ. ಮುದ್ರೆಯಾದರೆ ನೀರಾಟದ ನಂತರ ಅದು ಉಳಿದಿದೆಯೇ ನೋಡಿಕೊಳ್ಳಿ. ಎರಡನೆಯದು, ವ್ಯಾನನ್ನು ಎಲ್ಲಿ ನಿಲ್ಲಿಸುತ್ತಾರೆ ಎಂಬುದು. ದೊಡ್ಡ ವಾಹನಗಳನ್ನು ಬಸ್ಸುಗಳ ಜೊತೆ ಮೂಲೆಗೆ ಕಳಿಸುವುದುಂಟು. ನಡಿಗೆಯೇ ಅರ್ಧ ಗಂಟೆಯಾದರೆ ಹೋಗಿ ಬರುವುದರಲ್ಲಿ ನಿದ್ದೆಯ ಹೊತ್ತು ಕಳೆದುಹೋಗುತ್ತದೆ. ಬಾಗಿಲು ತೆರೆಯುವ ಒಂದು ಗಂಟೆ ಮೊದಲೇ ಹೋದರೆ ಹತ್ತಿರದ ಸಾಲು ಸಿಗುವ ಸಾಧ್ಯತೆ ಹೆಚ್ಚು. ಮೂರನೆಯದು ಎತ್ತರ. ಪಾರ್ಕಿಂಗ್ ದ್ವಾರದಲ್ಲಿ ಸುಮಾರು ಎರಡು ಮೀಟರಿಗೆ ಅಡ್ಡಪಟ್ಟಿ ಹಾಕಿರುವ ಕಡೆಗಳಿವೆ. ಎತ್ತರದ ಛಾವಣಿಯ ವ್ಯಾನು ಎರಡೂವರೆ ಮೀಟರ್ ದಾಟುತ್ತದೆ. ಬಾಡಿಗೆ ಕಾಗದದಲ್ಲಿರುವ ಎತ್ತರವನ್ನು ನಂಬಿ ಕೂರಬೇಡಿ. ಛಾವಣಿಯ ಮೇಲಿನ ಫ್ಯಾನು, ಸಾಮಾನಿನ ಕ್ಯಾರಿಯರು ಸೇರಿಸಿ ಟೇಪಿನಿಂದ ಅಳೆಯಿರಿ. ಆ ಸಂಖ್ಯೆಯನ್ನು ಸ್ಟೀರಿಂಗ್ ಎದುರು ಅಂಟಿಸಿ.

ಪ್ರ: ಮಗು ವ್ಯಾನಿನಲ್ಲಿ ಗಾಢ ನಿದ್ದೆಯಲ್ಲಿದ್ದಾಗ, ಬೇಬಿ ಮಾನಿಟರ್ ಇಟ್ಟು ಅರ್ಧ ಗಂಟೆ ನಾವಿಬ್ಬರೂ ಹತ್ತಿರದ ರೈಡಿಗೆ ಹೋಗಿ ಬರಬಹುದೇ? ಕಿಟಕಿ ಸ್ವಲ್ಪ ತೆರೆದಿಟ್ಟರೆ ಸಾಕಲ್ಲವೇ?

ಉ: ಬೇಡ, ಹತ್ತು ನಿಮಿಷಕ್ಕೂ ಬೇಡ. ಬಿಸಿಲಿನಲ್ಲಿ ನಿಂತ ಮುಚ್ಚಿದ ವಾಹನದ ಒಳಗಿನ ಶಾಖ ಹತ್ತೇ ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಹೊರಗೆ 30 ಇದ್ದರೆ ಒಳಗೆ 40. ಕಿಟಕಿ ಒಂದಿಷ್ಟು ತೆರೆದಿಟ್ಟರೆ ಇದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಾಗುವುದಿಲ್ಲ. ಪುಟ್ಟ ಮಗುವಿನ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಮಾನಿಟರ್ ಅಳು ಕೇಳಿಸಬಹುದು, ಆದರೆ ಶಾಖಕ್ಕೆ ಸೋತ ಮಗು ಅಳುವುದಿಲ್ಲ, ತೂಕಡಿಸುತ್ತದೆ. ಒಬ್ಬರು ವ್ಯಾನಿನ ಒಳಗೇ ಇರಬೇಕು, ಎಚ್ಚರವಾಗಿರಬೇಕು. ಇದರಲ್ಲಿ ರಾಜಿ ಇಲ್ಲ.

ದೊಡ್ಡವರು ಜೊತೆಗಿದ್ದರೂ ವ್ಯಾನನ್ನು ತಂಪಾಗಿಡುವುದು ಒಂದು ಕೆಲಸವೇ. ಅತಿ ದೊಡ್ಡ ಗಾಜು ಮುಂಗಾಜು. ಮಧ್ಯಾಹ್ನದ ನಂತರದ ಬಿಸಿಲು ಪಶ್ಚಿಮದಿಂದ ಬೀಳುತ್ತದೆ, ಆದ್ದರಿಂದ ಬೆಳಗ್ಗೆ ನಿಲ್ಲಿಸುವಾಗಲೇ ಸಾಧ್ಯವಾದಷ್ಟು ಮುಂಗಾಜು ಪೂರ್ವಕ್ಕಿರುವಂತೆ ನಿಲ್ಲಿಸಿ. ಬೆಳ್ಳಿಬಣ್ಣದ ಬಿಸಿಲುತಡೆಯನ್ನು ಗಾಜಿನ ಒಳಗೆ ಹಾಕುವುದಕ್ಕಿಂತ ಹೊರಗೆ ಹಾಕುವುದು ಒಳ್ಳೆಯದು. ಒಳಗೆ ಹಾಕಿದರೆ ಬಿಸಿಲು ಆಗಲೇ ಗಾಜು ದಾಟಿರುತ್ತದೆ, ಆ ಶಾಖದ ಒಂದಷ್ಟು ಪಾಲು ಒಳಗೇ ಉಳಿಯುತ್ತದೆ. ಛಾವಣಿಯ ಫ್ಯಾನನ್ನು ಗಾಳಿ ಹೊರಗೆಳೆಯುವ ಕಡೆಗೆ ತಿರುಗಿಸಿ, ನೆರಳಿನ ಬದಿಯ ಒಂದು ಕಿಟಕಿ ಮಾತ್ರ ತೆರೆಯಿರಿ. ಆಗ ತಂಪುಗಾಳಿ ಮಗುವಿನ ಮೇಲೆ ಹಾದು ಮೇಲಕ್ಕೆ ಹೋಗುತ್ತದೆ. ಎಲ್ಲ ಕಿಟಕಿ ತೆರೆದಿಟ್ಟರೆ ಫ್ಯಾನು ತನ್ನ ಪಕ್ಕದ ಬಿಸಿಗಾಳಿಯನ್ನೇ ಸುತ್ತಿಸುತ್ತಾ ಇರುತ್ತದೆ. ಮಗುವನ್ನು ಕೆಳಗಿನ ಹಾಸಿಗೆಯಲ್ಲೇ ಮಲಗಿಸಿ, ಮೇಲೆತ್ತುವ ಛಾವಣಿಯ ಅಟ್ಟದಲ್ಲಿ ಬಿಸಿ ಹೆಚ್ಚು. ಥರ್ಮಾಮೀಟರ್ ಮಗುವಿನ ತಲೆಯ ಮಟ್ಟದಲ್ಲಿರಲಿ.

ಎಸಿಯನ್ನು ಬ್ಯಾಟರಿಯಿಂದ ನಡೆಸುತ್ತೇವೆ ಅಂದವರೂ ಇದ್ದಾರೆ. ಲೆಕ್ಕ ನೋಡಿ. ಸಾವಿರ ವಾಟಿನ ಎಸಿ 12 ವೋಲ್ಟ್ ಬ್ಯಾಟರಿಯಿಂದ 80 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ನೂರು ಆಂಪ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಕೆಡದಂತೆ ಬಳಸಬಹುದಾದದ್ದು ಅರ್ಧ ಮಾತ್ರ. ಅದು ಸುಮಾರು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಮಗು ಇನ್ನೂ ಮಗ್ಗುಲು ಬದಲಿಸಿರುವುದಿಲ್ಲ. ಛಾವಣಿಯ ಫ್ಯಾನಾದರೆ ಒಂದೆರಡು ಆಂಪಿಯರಿನಲ್ಲಿ ಸುಮ್ಮನೆ ಓಡುತ್ತದೆ. ಇಂಜಿನ್ ಚಾಲೂ ಇಟ್ಟು ಎಸಿ ಹಾಕುವುದು ಇನ್ನೂ ಕೆಟ್ಟದ್ದು. ಪಕ್ಕದ ವಾಹನಗಳ ನಡುವೆ ಸಿಕ್ಕಿಕೊಂಡ ಹೊಗೆ ಕಿಟಕಿಯಿಂದ ಒಳಬರುತ್ತದೆ, ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ. ಆ ಅನಿಲದ ಅಲಾರಂ ಇಲ್ಲದ ವ್ಯಾನನ್ನು ಮಗುವಿದ್ದವರು ಬಾಡಿಗೆಗೆ ತೆಗೆದುಕೊಳ್ಳಲೇಬಾರದು.

ಇಷ್ಟೆಲ್ಲ ಮಾಡಿಯೂ ಥರ್ಮಾಮೀಟರ್ ಮೂವತ್ತರ ಮೇಲೇ ನಿಂತಿದ್ದರೆ ಆ ದಿನ ವ್ಯಾನಿನ ನಿದ್ದೆ ಬಿಟ್ಟುಬಿಡಿ. ಪಾರ್ಕಿನೊಳಗೆ ಎಸಿ ಇರುವ ಶಿಶು ಆರೈಕೆ ಕೊಠಡಿಯೋ ಗಟ್ಟಿ ನೆರಳೋ ಹುಡುಕಿ, ತಳ್ಳುಗಾಡಿಯಲ್ಲೇ ಮಲಗಿಸಿ. ಬಿಸಿಲು ಬೀಳದಿರಲಿ ಎಂದು ಗಾಡಿಯ ಮೇಲೆ ಬಟ್ಟೆ ಹೊದಿಸಬೇಡಿ, ಒಳಗಿನ ಗಾಳಿ ಅಲ್ಲೇ ನಿಂತು ಕಾಯುತ್ತದೆ.

ಪ್ರ: ಮಗ 98 ಸೆಂಟಿಮೀಟರ್. ಅವನು ಆಸೆಪಟ್ಟ ರೈಡಿಗೆ 100 ಬೇಕಂತೆ. ದಪ್ಪ ಅಟ್ಟೆಯ ಶೂ ಹಾಕಿಸಿದರೆ ಬಿಡುತ್ತಾರೆ ಎಂದು ಕೇಳಿದೆ.

ಉ: ಬಿಡಬಹುದು, ಆದರೆ ನೀವು ಹಾಗೆ ಮಾಡಬೇಡಿ. ಎತ್ತರದ ಪಟ್ಟಿ ನಿಂತಿರುವುದು ತೊಡೆಯ ಮೇಲೆ ಬೀಳುವ ಸರಳಿನ ಲೆಕ್ಕದ ಮೇಲೆ. ಮಗುವಿನ ಸೊಂಟ ಸೀಟಿನ ಹಿಂಬದಿಗೆ ತಾಗಬೇಕು, ಮಂಡಿ ಸೀಟಿನ ಅಂಚಿನಿಂದ ಮಡಚಬೇಕು, ಸರಳು ತೊಡೆಗೆ ಒತ್ತಿಕೊಂಡು ನಿಲ್ಲಬೇಕು. ಕಾಲು ಗಿಡ್ಡವಾದ ಮಗು ಮುಂದಕ್ಕೆ ಜಾರಿ ಕೂರುತ್ತದೆ, ಆಗ ಸರಳು ಹೊಟ್ಟೆಗೆ ಬರುತ್ತದೆ, ಕೆಳಗೆ ನುಸುಳಲು ಜಾಗವಾಗುತ್ತದೆ. ಶೂವಿನ ಅಟ್ಟೆ ಅಳತೆಗೋಲಿಗೆ ಎರಡು ಸೆಂಟಿಮೀಟರ್ ಕೊಡುತ್ತದೆ, ತೊಡೆಗೆ ಏನನ್ನೂ ಕೊಡುವುದಿಲ್ಲ.

ಎತ್ತರ ಸರಿಯಿದ್ದರೂ ಗಮನಿಸಬೇಕಾದದ್ದು ಒಂದಿದೆ. ಒಂದೇ ಸರಳು ಇಬ್ಬರಿಗೂ ಸೇರಿ ಇರುವ ರೈಡಿನಲ್ಲಿ ಅದು ದೊಡ್ಡವರ ತೊಡೆಗೆ ತಾಗಿದ ಕೂಡಲೇ ನಿಲ್ಲುತ್ತದೆ. ಪಕ್ಕದ ಮಗುವಿನ ತೊಡೆಗೂ ಸರಳಿಗೂ ನಡುವೆ ಒಂದು ಗೇಣು ಖಾಲಿ ಉಳಿಯುತ್ತದೆ. ಕೂತ ಮೇಲೆ ಆ ಜಾಗಕ್ಕೆ ಕೈ ಹಾಕಿ ನೋಡಿ. ಅಂತರ ಜಾಸ್ತಿ ಅನ್ನಿಸಿದರೆ ಹೊರಡುವ ಮುಂಚೆ ಕೈಯೆತ್ತಿ ಸಿಬ್ಬಂದಿಯನ್ನು ಕರೆಯಿರಿ, ಸಂಕೋಚ ಬೇಡ. ಒಬ್ಬೊಬ್ಬರಿಗೆ ಬೇರೆ ಬೇರೆ ಸರಳಿರುವ ರೈಡು ಪುಟ್ಟವರಿಗೆ ಉತ್ತಮ. ಗಿರಗಿರ ತಿರುಗುವ ರೈಡಿನಲ್ಲಿ ವೇಗ ಎಲ್ಲರನ್ನೂ ಹೊರಬದಿಗೆ ತಳ್ಳುತ್ತದೆ. ದೊಡ್ಡವರು ಒಳಬದಿಗೆ ಕೂತರೆ ಮಗುವಿನ ಮೇಲೆ ಒರಗುತ್ತಾರೆ. ಆದ್ದರಿಂದ ರೈಡಿನ ಫಲಕ ಬೇರೆ ಹೇಳದಿದ್ದರೆ ಮಗು ಒಳಗೆ, ನೀವು ಹೊರಗೆ.

ಹೊರಡುವ ಮೊದಲೇ ಮನೆಯಲ್ಲಿ ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ ಅಳೆದು, ಯಾವ ರೈಡು ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂದು ಮಗುವಿಗೆ ಹೇಳಿಬಿಡಿ. ಸಾಲಿನ ತುದಿಯಲ್ಲಿ ಗೊತ್ತಾಗುವುದಕ್ಕಿಂತ ಅದೇ ವಾಸಿ. ಇನ್ನು ನಿಮಗೆ ದೊಡ್ಡ ರೈಡಿನ ಆಸೆ ಇದ್ದರೆ ಅದಕ್ಕೂ ದಾರಿಯಿದೆ. ಬಹಳಷ್ಟು ದೊಡ್ಡ ಪಾರ್ಕುಗಳಲ್ಲಿ ಒಬ್ಬರು ರೈಡಿಗೆ ಹೋದಾಗ ಇನ್ನೊಬ್ಬರು ಮಗುವಿನೊಂದಿಗೆ ಕಾದಿದ್ದು, ಆಮೇಲೆ ಪೂರ್ತಿ ಸಾಲು ನಿಲ್ಲದೆ ಹತ್ತುವ ವ್ಯವಸ್ಥೆ ಇರುತ್ತದೆ. ಡಿಸ್ನಿ ಪಾರ್ಕುಗಳಲ್ಲಿ ಅದಕ್ಕೆ ರೈಡರ್ ಸ್ವಿಚ್ ಎನ್ನುತ್ತಾರೆ, ಯೂನಿವರ್ಸಲ್ ಪಾರ್ಕುಗಳಲ್ಲೂ ಇಂಥ ವ್ಯವಸ್ಥೆಯಿದೆ. ಸಾಲಿನ ಬಾಯಲ್ಲಿ ನಿಂತ ಸಿಬ್ಬಂದಿಯನ್ನೇ ಮೊದಲು ಕೇಳಿ, ಒಳಗೆ ಹೋದ ಮೇಲೆ ಕೇಳಿದರೆ ಕೆಲವು ಕಡೆ ಹಿಂದಕ್ಕೆ ಕಳಿಸುತ್ತಾರೆ.

ಪ್ರ: ವ್ಯಾನಿನ ಹಿಂದಿನ ಬೆಂಚಿಗೆ ಮಗುವಿನ ಕಾರ್ ಸೀಟ್ ಸರಿಯಾಗಿ ಕೂರುತ್ತದೆಯೇ?

ಉ: ಎಲ್ಲ ವ್ಯಾನಿನಲ್ಲೂ ಕೂರುವುದಿಲ್ಲ. ಬಾಡಿಗೆಗೆ ಮುಂಗಡ ಕೊಡುವ ಮೊದಲೇ ಸೀಟನ್ನು ಒಯ್ದು ಹಾಕಿ ನೋಡಿ. ಮುಖ ಪಕ್ಕಕ್ಕಿರುವ ಬೆಂಚು ಆಗಲೇ ಆಗದು, ಮಕ್ಕಳ ಸೀಟುಗಳು ಅಡ್ಡಲಾಗಿ ಕೂರಲು ಮಾಡಿದವಲ್ಲ. ಸೊಂಟಕ್ಕೆ ಮಾತ್ರ ಬೆಲ್ಟಿರುವ ಹಳೆಯ ವ್ಯಾನುಗಳೂ ಇವೆ. ಇವತ್ತಿನ ಬಹುಪಾಲು ಮಕ್ಕಳ ಸೀಟಿಗೆ ಭುಜದ ಮೇಲೂ ಹಾಯುವ ಮೂರು ಬಿಂದುವಿನ ಬೆಲ್ಟ್ ಅಥವಾ ಐಸೋಫಿಕ್ಸ್ ಕೊಂಡಿ (ಮಕ್ಕಳ ಸೀಟನ್ನು ಸಿಕ್ಕಿಸಲು ವಾಹನದ ಸೀಟಿನಲ್ಲೇ ಇರುವ ಕೊಂಡಿ) ಬೇಕು.

ವ್ಯಾನಿನಲ್ಲಿ ಎದುರಾಗುವ ಇನ್ನೊಂದು ತೊಡಕು ನೆಲದ್ದು. ಕೆಲವು ಸೀಟುಗಳಿಗೆ ಮುಂದೆ ಒಂದು ಆಧಾರದ ಕಾಲು ಇರುತ್ತದೆ, ಅದು ಗಟ್ಟಿ ನೆಲದ ಮೇಲೆ ನಿಲ್ಲಬೇಕು. ವ್ಯಾನಿನ ನೆಲದಡಿ ಸಾಮಾನಿನ ಪೆಟ್ಟಿಗೆ ಇದ್ದರೆ ಕಾಲು ಅದರ ಮುಚ್ಚಳದ ಮೇಲೆ ನಿಂತುಬಿಡುತ್ತದೆ. ಡಿಕ್ಕಿಯಾದಾಗ ಮುಚ್ಚಳ ಕುಸಿದು ಸೀಟು ಮುಂದಕ್ಕೆ ಮುಗ್ಗರಿಸುತ್ತದೆ. ನೆಲವನ್ನು ಬೆರಳಿನಿಂದ ಬಡಿದು ನೋಡಿ. ಟೊಳ್ಳು ಸದ್ದು ಬಂದರೆ ಆಧಾರದ ಕಾಲಿಲ್ಲದ, ಬೆಲ್ಟಿನಿಂದ ಕಟ್ಟುವ ಸೀಟು ತನ್ನಿ. ಕಟ್ಟಿದ ಮೇಲೆ ಬೆಲ್ಟ್ ಹಾಯುವ ಜಾಗದಲ್ಲಿ ಹಿಡಿದು ಅಲುಗಿಸಿ, ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಅಲ್ಲಾಡಬಾರದು. ಯುರೋಪಿನ ಆರ್129 ನಿಯಮದ ಸೀಟುಗಳಲ್ಲಿ ಹದಿನೈದು ತಿಂಗಳು ದಾಟುವವರೆಗೆ ಮಗು ಹಿಂದಕ್ಕೆ ಮುಖಮಾಡಿಯೇ ಕೂರಬೇಕು. ಹಾಗೆ ಹಿಂದಕ್ಕೆ ಮುಖಮಾಡಿದ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಎಂದೂ ಇಡಬೇಡಿ. ಮುಂದಿನ ಸೀಟು ಹಿಂದಕ್ಕೆ ತಿರುಗುವಂಥದ್ದಾದರೆ ಹೊರಡುವ ಮೊದಲು ಮುಂದಕ್ಕೆ ತಿರುಗಿಸಿ, ಲಾಕ್ ಬಿದ್ದ ಸದ್ದು ಕೇಳಿಸಿಕೊಳ್ಳಿ.

ಮಗುವಿನ ಹಿಂದಿನ ಸಾಮಾನಿನ ಕಡೆಗೂ ಕಣ್ಣಿರಲಿ. ಹತ್ತು ಲೀಟರಿನ ನೀರಿನ ಕ್ಯಾನು ಹತ್ತು ಕಿಲೋ. ಗಟ್ಟಿಯಾಗಿ ಬ್ರೇಕ್ ಹಾಕಿದರೆ ಅದು ಹಿಂದಿನಿಂದ ಮಗುವಿನ ಕಡೆಗೇ ಬರುತ್ತದೆ. ಭಾರವಾದದ್ದೆಲ್ಲ ನೆಲಮಟ್ಟದ ಕಪಾಟಿನಲ್ಲಿ, ಚಿಲಕ ಹಾಕಿ.

ಪ್ರ: ಪಾರ್ಕಿನ ಪಾರ್ಕಿಂಗ್‌ನಲ್ಲೇ ರಾತ್ರಿ ಕಳೆಯಬಹುದೇ?

ಉ: ಮೊದಲೇ ಕೇಳದೆ ಬೇಡ. ಬಹಳ ಕಡೆ ಹಗಲು ನಿಲ್ಲಿಸಲು ಮಾತ್ರ ಅನುಮತಿ, ನಡುರಾತ್ರಿ ಕಾವಲುಗಾರರು ಎಬ್ಬಿಸಿ ಕಳಿಸಿದರೆ ಮಗುವಿನ ಮರುದಿನವೂ ಹಾಳು. ಕೆಲವು ಪಾರ್ಕುಗಳಿಗೆ ತಮ್ಮದೇ ಶಿಬಿರದ ಜಾಗವಿದೆ. ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡಿನ ಫೋರ್ಟ್ ವಿಲ್ಡರ್ನೆಸ್ 1971ರಿಂದಲೂ ಇದೆ, ಅಲ್ಲಿಂದ ಪಾರ್ಕಿಗೆ ದೋಣಿ, ಬಸ್ಸು ಸಿಗುತ್ತವೆ. ಜರ್ಮನಿಯ ಯುರೋಪಾ ಪಾರ್ಕಿಗೂ ಸ್ವಂತ ಕ್ಯಾಂಪಿಂಗ್ ಇದೆ. ಅಂಥ ಕಡೆ ವ್ಯಾನು ವಿದ್ಯುತ್ತಿಗೆ ಸಿಕ್ಕಿಸಿಕೊಂಡು ನಿಂತಿರುತ್ತದೆ, ಬಸ್ಸಿಗೆ ಕಾಯುವ ಹೊತ್ತನ್ನು ಮಾತ್ರ ನಿದ್ದೆಯ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ವಿದ್ಯುತ್ ಕೇಬಲನ್ನು ಮೊದಲು ವ್ಯಾನಿಗೆ, ಆಮೇಲೆ ಶಿಬಿರದ ಜಾಗದಲ್ಲಿರುವ ಪ್ಲಗ್ಗಿನ ಕಂಬಕ್ಕೆ ಸಿಕ್ಕಿಸಿ. ಬಿಚ್ಚುವಾಗ ಕಂಬದ ಕಡೆ ಮೊದಲು. ಹೀಗೆ ಮಾಡಿದರೆ ಕರೆಂಟ್ ಇರುವ ತುದಿ ಮಗುವಿನ ಕೈಗೆ ಸಿಗುವುದಿಲ್ಲ. ಸುರುಳಿಯ ಕೇಬಲನ್ನು ಪೂರ್ತಿ ಬಿಚ್ಚಿ, ಸುತ್ತಿದ ಹಾಗೇ ಬಿಟ್ಟರೆ ಒಳಪದರ ಕಾದು ಕರಗುತ್ತದೆ. ಮಗುವನ್ನು ಮೇಲಿನ ಅಟ್ಟದಲ್ಲಿ ಮಲಗಿಸಬೇಡಿ, ಆರು ವರ್ಷದೊಳಗಿನವರಿಗೆ ಎತ್ತರದ ಹಾಸಿಗೆ ಹೇಳಿದ್ದಲ್ಲ.

ಪ್ರ: ಡೈಪರ್ ಬಿಡಿಸುತ್ತಿದ್ದೇವೆ. ಈ ಪ್ರವಾಸದಲ್ಲಿ ಹೇಗೆ?

ಉ: ಎರಡು ದಿನಕ್ಕೆ ಡೈಪರ್ ಮತ್ತೆ ಹಾಕಿದರೆ ಆಕಾಶವೇನೂ ಬೀಳದು. ಹಾಕುವುದಿಲ್ಲವೆಂದರೆ ವ್ಯಾನಿನ ಕ್ಯಾಸೆಟ್ ಟಾಯ್ಲೆಟ್ಟಿಗೆ (ತೊಟ್ಟಿಯನ್ನು ಹೊರಗೆಳೆದು ಖಾಲಿ ಮಾಡುವಂಥದ್ದು) ಮಕ್ಕಳ ಸೀಟು ಒಯ್ಯಿರಿ. ಪಾರ್ಕಿನಲ್ಲಿ ಮಕ್ಕಳು ಹೆದರುವುದು ತಾನಾಗಿ ನೀರು ಬಿಡುವ ಕಮೋಡಿಗೆ. ಪುಟ್ಟ ಮಗು ಕೂತಲ್ಲೇ ಬಾಗಿದರೆ ಸೆನ್ಸರ್ ಎದ್ದುಹೋದರು ಅಂದುಕೊಂಡು ಭೋರೆಂದು ಬಿಡುತ್ತದೆ. ಒಂದು ಅಂಟುಚೀಟಿ ಜೇಬಿನಲ್ಲಿರಲಿ, ಮಗು ಕೂರುವ ಮೊದಲು ಸೆನ್ಸರಿನ ಕಣ್ಣಿಗೆ ಅಂಟಿಸಿ, ಹೊರಡುವಾಗ ಕಿತ್ತುಬಿಡಿ. ಕ್ಯಾಸೆಟ್ಟಿಗೆ ಹಾಕುವ ರಾಸಾಯನಿಕವನ್ನು ಮಾತ್ರ ಮಗುವಿನ ಕೈಗೆಟುಕದ ಕಪಾಟಿನಲ್ಲೇ ಇಡಿ, ಅದರ ಬಣ್ಣ ಶರಬತ್ತಿನಂತೆ ಕಾಣುತ್ತದೆ.

ಪ್ರ: ಮಗು ರೈಡಿನ ನಡುವೆ ಹೆದರಿ ಅಳತೊಡಗಿದರೆ?

ಉ: ಒಬ್ಬಳೇ ಕೂತಿದ್ದರೆ ಆಪರೇಟರಿಗೆ ಕಾಣುವಂತೆ ಎರಡೂ ಕೈ ಬೀಸಿ. ಬೇಲಿ ದಾಟಿ ಓಡಬೇಡಿ. ಪುಟ್ಟ ಮಕ್ಕಳ ರೈಡಿನಲ್ಲಿ ಅಪಾಯದ ಗಳಿಗೆ ವೇಗದಲ್ಲಿರುವುದಿಲ್ಲ, ರೈಡು ನಿಧಾನವಾಗಿ ಇನ್ನೇನು ನಿಲ್ಲಬೇಕು ಅನ್ನುವಾಗ ಇರುತ್ತದೆ. ಅಮ್ಮ ಕಂಡಳೆಂದು ಮಗು ಆಗಲೇ ಎದ್ದು ಇಳಿಯಲು ಹೋಗುತ್ತದೆ. ಆದ್ದರಿಂದ ನಗುತ್ತಾ ಕೈಬೀಸಿ, ಆದರೆ "ಬಾ" ಎಂದು ಕರೆಯುವ ಸನ್ನೆ ಮಾಡಬೇಡಿ. ಹತ್ತಿಸುವ ಮುಂಚೆ ಒಂದು ಪೂರ್ತಿ ಸುತ್ತನ್ನು ಹೊರಗಿನಿಂದ ತೋರಿಸಿ, "ನಿಂತ ಮೇಲೆ ಅಣ್ಣ ಬಂದು ಬೆಲ್ಟ್ ಬಿಚ್ಚುತ್ತಾನೆ, ಅಲ್ಲಿವರೆಗೆ ಕೂತಿರಬೇಕು" ಎಂದು ಹೇಳಿ.

ಪ್ರ: ಜನಜಂಗುಳಿಯಲ್ಲಿ ಕೈತಪ್ಪಿ ಹೋದರೆ ಎಂಬ ಭಯ.

ಉ: ಬೆಳಗ್ಗೆ ವ್ಯಾನಿನಿಂದ ಇಳಿದ ಕೂಡಲೇ ಮಗುವಿನ ಒಂದು ಪೂರ್ಣ ಚಿತ್ರ ತೆಗೆಯಿರಿ, ಚಪ್ಪಲಿಯೂ ಕಾಣಬೇಕು. ಗಾಬರಿಯಲ್ಲಿ ಅಂಗಿಯ ಬಣ್ಣ ನೆನಪಿಗೆ ಬರುವುದಿಲ್ಲ. ದೇಶದ ಕೋಡ್ ಸಮೇತ ನಿಮ್ಮ ಫೋನ್ ನಂಬರನ್ನು ಕೈಪಟ್ಟಿಯ ಒಳಬದಿಗೆ ಬರೆಯಿರಿ, ಹೆಸರು ಹೊರಗೆ ಕಾಣಬಾರದು. ಹೆಸರು ಹಿಡಿದು ಯಾರು ಕರೆದರೂ ಮಗು ಹೋಗುತ್ತದೆ. ಸಿಬ್ಬಂದಿಯ ಸಮವಸ್ತ್ರ, ಎದೆಯ ಬಿಲ್ಲೆ ತೋರಿಸಿ, "ನಾನು ಕಾಣದಿದ್ದರೆ ನಿಂತಲ್ಲೇ ನಿಲ್ಲು, ಇಂಥ ಬಿಲ್ಲೆಯವರಿಗೆ ಹೇಳು" ಎಂದು ಕಲಿಸಿ. ಕಾಣೆಯಾದಾಗ ಮೊದಲು ಹತ್ತಿರದ ಸಿಬ್ಬಂದಿಗೆ ತಿಳಿಸಿ, ಆಮೇಲೆ ಹುಡುಕಿ. ಹತ್ತಿರ ನೀರಿದ್ದರೆ ಮೊದಲು ನೋಡಬೇಕಾದದ್ದು ಅಲ್ಲಿ.

ಪ್ರ: ರಾತ್ರಿಯ ಬಾಣಬಿರುಸು ಮುಗಿದ ಮೇಲೆ ಹೊರಡಬೇಕು. ಮಗುವನ್ನು ಹಾಸಿಗೆಯಲ್ಲೇ ಮಲಗಿಸಿಕೊಂಡು ಓಡಿಸಬಹುದೇ?

ಉ: ಆಗದು. ಚಲಿಸುವ ವ್ಯಾನಿನಲ್ಲಿ ಮಗುವಿನ ಜಾಗ ಕಾರ್ ಸೀಟ್ ಮಾತ್ರ, ಮಧ್ಯರಾತ್ರಿಯಾದರೂ ಅಷ್ಟೆ. ಬಾಣಬಿರುಸಿನ ಸದ್ದಿಗೆ ಕಿವಿಮುಚ್ಚುವ ಮಕ್ಕಳ ಹೆಡ್‌ಫೋನ್ ಹಾಕಿಸಿ. ಮುಗಿದ ಕೂಡಲೇ ಎಲ್ಲ ವಾಹನಗಳೂ ಒಂದೇ ದ್ವಾರಕ್ಕೆ ನುಗ್ಗುತ್ತವೆ, ಆ ಸಾಲಿಗೆ ಸೇರಬೇಡಿ. ವ್ಯಾನಿನಲ್ಲಿ ದೀಪ ಸಣ್ಣಗೆ ಮಾಡಿ, ಕೈಕಾಲು ಒರೆಸಿ, ಹಲ್ಲುಜ್ಜಿಸಿ, ರಾತ್ರಿಯ ತೆಳು ಬಟ್ಟೆ ಹಾಕಿ. ದಪ್ಪ ಜಾಕೆಟ್ಟಿನ ಮೇಲೆ ಬೆಲ್ಟ್ ಕಟ್ಟಿದರೆ ಸಡಿಲವಾಗುತ್ತದೆ, ಚಳಿಯಾದರೆ ಬೆಲ್ಟಿನ ಮೇಲೆ ಹೊದಿಸಿ. ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ದ್ವಾರ ಸಾಮಾನ್ಯವಾಗಿ ತೆರವಾಗಿರುತ್ತದೆ. ಅಷ್ಟರಲ್ಲಿ ಓಡಿಸುವವರಿಗೇ ಕಣ್ಣು ಎಳೆಯತೊಡಗಿದರೆ ಆ ರಾತ್ರಿ ದೂರದ ದಾರಿ ಬೇಡ, ಹತ್ತಿರದ ಶಿಬಿರದ ಜಾಗವನ್ನು ಮೊದಲೇ ಕಾದಿರಿಸಿಕೊಂಡಿರಿ.

ಹೊರಡುವಾಗ ಒಬ್ಬರು ಮಗುವಿನ ಬಳಿ ಇರಲಿ, ಇನ್ನೊಬ್ಬರು ವ್ಯಾನಿಗೆ ಒಂದು ಸುತ್ತು ಬರಲಿ: ಗ್ಯಾಸಿನ ಸಿಲಿಂಡರ್ ಬಂದ್, ಛಾವಣಿಯ ಕಿಂಡಿ ಮುಚ್ಚಿದೆ, ಮೆಟ್ಟಿಲು ಒಳಗೆ, ಫ್ರಿಜ್ ಬಾಗಿಲಿನ ಚಿಲಕ ಬಿದ್ದಿದೆ, ತಳ್ಳುಗಾಡಿ ಹಿಂದೆ ಉಳಿದಿಲ್ಲ. ಜಾರುಬಾಗಿಲನ್ನು ಕೊನೆಯಲ್ಲಿ, ಮಗುವಿನ ಬೆರಳು ಎಲ್ಲಿದೆ ಎಂದು ಕಣ್ಣಾರೆ ನೋಡಿ ಎಳೆಯಿರಿ.